ತಮಟೆಯ ಒಂದು ಪೆಟ್ಟಿಗಾಗಿ ಮೂರು ಎಡಿಟರ್

ಬೀದಿ ನಾಟಕ ಮಾಡುವ ಗೆಳೆಯರಿಗೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತಿದ್ದೆ. ಊರಹಬ್ಬದ ದೃಶ್ಯ. ತಮಟೆ ಬೇಕಿತ್ತು. ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವರು ಇಂಥ ಹೊತ್ತಲ್ಲಿ ಸ್ಯಾಂಪಲ್ ಹುಡುಕುತ್ತಾರೆ. ವಾದ್ಯದ ಒಂದೊಂದು ಪೆಟ್ಟನ್ನೂ ಒಂದೊಂದು ಫೈಲ್ ಮಾಡಿಟ್ಟಿರುತ್ತಾರೆ. ಅವನ್ನು ಕೀಬೋರ್ಡಿನ ಕೀಗಳಿಗೆ ಕೂರಿಸಿಕೊಂಡು ನಮಗೆ ಬೇಕಾದ ಹಾಗೆ ನುಡಿಸಬಹುದು. ನಾನು ಹುಡುಕಿದ ಕಡೆಯಲ್ಲೆಲ್ಲ ತಬಲಾ ಇತ್ತು, ಢೋಲಕ್ ಇತ್ತು, ಪಂಜಾಬಿನ ಢೋಲ್ ಇತ್ತು. ತಮಟೆ ಸಿಗಲಿಲ್ಲ. ಕೊನೆಗೆ ಢೋಲ್ ಹಾಕಿಯೇ ಒಂದು ತುಣುಕು ಮಾಡಿ ದೊಡ್ಡಪ್ಪನಿಗೆ ಕೇಳಿಸಿದೆ.

ನಮ್ಮ ದೊಡ್ಡಪ್ಪ ನಲವತ್ತು ವರ್ಷದಿಂದ ತಮಟೆ ಬಾರಿಸುತ್ತಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ಜಾತ್ರೆ, ದೇವರ ಮೆರವಣಿಗೆ, ಮದುವೆ, ಸಾವು, ಯಾವುದಿದ್ದರೂ ಅವರಿಗೆ ಕರೆ ಬರುತ್ತದೆ. ತುಣುಕು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಬ್ಬಾನೇ ಕಣಪ್ಪ, ಆದ್ರೆ ನಮ್ಮೂರ ಹಬ್ಬ ಅಲ್ಲ" ಅಂದರು.

ಹಳೇ ಸಿನಿಮಾ ಹಾಡಿನಿಂದ ಒಂದು ಬಿಟ್ ಕತ್ತರಿಸಿಕೋ ಅಂತ ಒಬ್ಬರು ಸಲಹೆ ಕೊಟ್ಟರು. ನನಗೆ ಮನಸ್ಸು ಒಪ್ಪಲಿಲ್ಲ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಎರಡೇ ಸೆಕೆಂಡು ತೆಗೆದುಕೊಂಡರೂ ಅದು ಬೇರೆಯವರ ಸೊತ್ತು. ಅಲ್ಲದೆ ಹಾಡಿನಲ್ಲಿ ತಮಟೆಯ ಜೊತೆ ಇನ್ನೂ ಹತ್ತು ವಾದ್ಯ ಸೇರಿಕೊಂಡಿರುತ್ತವೆ. ಮನೆಯಲ್ಲೇ ಇಂಥ ಕಲಾವಿದರು ಇರುವಾಗ ಅದೆಲ್ಲ ಯಾಕೆ? 2023ರಲ್ಲಿ ನಮ್ಮ ಜಿಲ್ಲೆಯವರೇ ಆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕೆ ಪದ್ಮಶ್ರೀ ಬಂದಾಗ ದೊಡ್ಡಪ್ಪ ಬೀದಿಗೆಲ್ಲ ಸಿಹಿ ಹಂಚಿದ್ದರು. ಪದ್ಮಶ್ರೀ ಬಂದ ವಾದ್ಯದ ಒಂದು ಒಳ್ಳೆಯ ಸ್ಯಾಂಪಲ್ ನನ್ನಂಥವನ ಕೈಗೆ ಸಿಗುವುದಿಲ್ಲ ಅಂದರೆ ಸಂಕಟವಾಗುತ್ತದೆ. ನಾವೇ ಮಾಡೋಣ ಅಂತ ತೀರ್ಮಾನಿಸಿದೆ.

ಮೊದಲ ಸಲ ಮೊಬೈಲಿನಲ್ಲೇ ರೆಕಾರ್ಡ್ ಮಾಡಿದೆ. ಅದು ಕೆಲಸಕ್ಕೆ ಬರಲಿಲ್ಲ. ಫೋನಿನ ರೆಕಾರ್ಡರ್ ಮಾತಿಗಾಗಿ ಮಾಡಿದ್ದು. ಜೋರು ಸದ್ದು ಬಂದರೆ ತಾನಾಗಿಯೇ ತಗ್ಗಿಸುತ್ತದೆ, ಮೆಲ್ಲಗೆ ಬಂದರೆ ಏರಿಸುತ್ತದೆ. ತಮಟೆಯ ಜೀವ ಇರುವುದೇ ಆ ಏರಿಳಿತದಲ್ಲಿ. ಎರಡನೇ ಸಲ ನಾಟಕದ ಗೆಳೆಯರಿಂದ ಎರಡು ಮೈಕ್ ಇರುವ ಕೈ ರೆಕಾರ್ಡರ್ ತಂದೆ. ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುವ 48 ಕಿಲೋಹರ್ಟ್ಸ್, ಒಂದೊಂದು ಅಳತೆಗೂ 24 ಬಿಟ್, ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲ್. ತಮಟೆ ಮೈಕಿಗೆ ಬಹಳ ಜೋರು. ಆದ್ದರಿಂದ ಅತಿ ದೊಡ್ಡ ಪೆಟ್ಟು ಮೈನಸ್ 12 ಡೆಸಿಬೆಲ್ (ಸೊನ್ನೆ ಅಂದರೆ ಸದ್ದು ಒಡೆಯುವ ಮಿತಿ) ದಾಟದ ಹಾಗೆ ಮಟ್ಟ ಇಳಿಸಿಕೊಂಡೆ. 24 ಬಿಟ್ ಇದ್ದರೆ ಹೀಗೆ ಇಳಿಸಿಕೊಳ್ಳಲು ಹೆದರಬೇಕಿಲ್ಲ, ಮೆಲ್ಲನೆಯ ಸದ್ದಿಗೂ ಬೇಕಾದಷ್ಟು ಜಾಗ ಉಳಿದಿರುತ್ತದೆ.

ಹಂಚಿನ ಮನೆಯ ಪಡಸಾಲೆಯಲ್ಲಿ ಕೂತೆವು. ಹೊರಗೆ ಹುಲ್ಲು, ಒಣ ತೆಂಗಿನ ಗರಿ ಹಾಕಿ ಬೆಂಕಿ ಮಾಡಿ ದೊಡ್ಡಪ್ಪ ತಮಟೆ ಕಾಯಿಸಿದರು. ಕಾದಾಗ ಚರ್ಮ ಬಿಗಿಯುತ್ತದೆ, ಸದ್ದು ಮೇಲೇರುತ್ತದೆ. ಆರುತ್ತಾ ಬಂದ ಹಾಗೆ ಸಡಿಲವಾಗಿ ಇಳಿಯುತ್ತದೆ. ಅದಕ್ಕೇ ಮೂರು ಸಲ ಕಾಯಿಸಬೇಕಾಯಿತು. ಬಲಗೈಯ ದಪ್ಪ ಕೋಲು, ಎಡಗೈಯ ತೆಳು ಕೋಲು, ನಡುವಿಗೆ, ಅಂಚಿಗೆ, ಹೀಗೆ ಆರು ಬಗೆಯ ಪೆಟ್ಟು ಆರಿಸಿಕೊಂಡೆವು. ಒಂದೊಂದನ್ನೂ ನಾಲ್ಕು ಜೋರಿನಲ್ಲಿ, ಪ್ರತಿ ಜೋರಿನಲ್ಲೂ ಒಂಬತ್ತು ಸಲ. ಒಟ್ಟು 216 ಪೆಟ್ಟು. ನಡುವೆ ಕರೆಂಟ್ ಹೋಯಿತು. ಫ್ರಿಜ್ಜು ನಿಂತಿತು, ಪಕ್ಕದ ಮನೆಯ ಫ್ಯಾನೂ ನಿಂತಿತು. ಆ ದಿನ ಸಿಕ್ಕಿದ ಅತಿ ಒಳ್ಳೆಯ ಸದ್ದು ಆ ಇಪ್ಪತ್ತು ನಿಮಿಷದ್ದು.

ಮನೆಗೆ ಬಂದಾಗ ಕೈಯಲ್ಲಿ 40 ನಿಮಿಷದ ರೆಕಾರ್ಡಿಂಗ್, ಸುಮಾರು 690 ಎಂಬಿ. ಅದನ್ನು 216 ತುಂಡು ಮಾಡಬೇಕು. ನನ್ನ ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್, ಡಿಸ್ಕಿನಲ್ಲಿ ಉಳಿದ ಜಾಗ ಹೆಚ್ಚೇನಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವ ಸಾಫ್ಟ್‌ವೇರ್ ನನ್ನ ಕೈಗೆ ಎಟುಕುವುದಿಲ್ಲ. ಕ್ರ್ಯಾಕ್ ಮಾಡಿದ್ದು ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ ಅಂದವರಿದ್ದರು. ಹಾಡಿನ ತುಣುಕು ಕದಿಯಬಾರದು ಅಂತ ಇಷ್ಟೆಲ್ಲ ಮಾಡಿ ಸಾಫ್ಟ್‌ವೇರ್ ಕದಿಯುವುದು ಸರಿಯಲ್ಲ ಅನಿಸಿತು.

ಸದ್ದು ಕತ್ತರಿಸಿ ತಿದ್ದುವ ಸಾಫ್ಟ್‌ವೇರ್, ಅಂದರೆ ಎಡಿಟರ್, ಅಂದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2000ದಲ್ಲಿ ಹೊರಬಂದದ್ದು. ಪೂರ್ತಿ ಉಚಿತ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ನಾನೂ ಅದರಲ್ಲೇ ಶುರು ಮಾಡಿದೆ. 40 ನಿಮಿಷದ ಅಲೆ ಪರದೆಯ ತುಂಬ ಹರಡಿಕೊಂಡಿತು. ದೂರದಿಂದ ಒಂದೊಂದು ಪೆಟ್ಟೂ ಮುಳ್ಳಿನ ಹಾಗೆ ಕಾಣುತ್ತದೆ. ಒಂದನ್ನು ಹಿಡಿದು ಹಿಗ್ಗಿಸುತ್ತಾ ಹೋದೆ. ಹಿಗ್ಗಿಸಿದಷ್ಟೂ ಗೆರೆ ಬಿಡಿಬಿಡಿಯಾಗಿ ಕೊನೆಗೆ ರಂಗೋಲಿ ಚುಕ್ಕಿಗಳನ್ನು ಎಳೆಯಿಂದ ಸೇರಿಸಿದ ಹಾಗೆ ಕಾಣುತ್ತದೆ. ಒಂದೊಂದು ಚುಕ್ಕಿಯೂ ಸೆಕೆಂಡಿನ 48,000ದಲ್ಲಿ ಒಂದು ಭಾಗ. 48 ಚುಕ್ಕಿ ಸೇರಿದರೆ ಒಂದು ಮಿಲಿಸೆಕೆಂಡು.

ಈ ಕೆಲಸದಲ್ಲಿ ನಾನು ಕಲಿತ ಅತಿ ಮುಖ್ಯವಾದ ವಿಷಯ ಈ ಚುಕ್ಕಿಗಳಲ್ಲೇ ಇದೆ. ತಮಟೆಯ ಪೆಟ್ಟನ್ನು ಬಾಯಲ್ಲಿ ಹೇಳಿ ನೋಡಿ: ಟಣ್. ಇದರಲ್ಲಿ 'ಟ' ಇದೆ, ಆಮೇಲೆ ಎಳೆಯುವ 'ಅಣ್' ಇದೆ. ಕೋಲು ಚರ್ಮಕ್ಕೆ ತಾಗುವ ಗಳಿಗೆ 'ಟ'. ಅದು ಮುಗಿಯಲು ಕೆಲವೇ ಮಿಲಿಸೆಕೆಂಡು ಸಾಕು. ಉಳಿದದ್ದು ಚರ್ಮದ ಅನುರಣನ, ಪಡಸಾಲೆಯ ಮಾರ್ದನಿ. ಕತ್ತರಿ ನಾಲ್ಕೈದು ಮಿಲಿಸೆಕೆಂಡು ತಡವಾಗಿ ಬಿದ್ದರೆ 'ಟ' ಹಾರಿಹೋಗಿ 'ಅಣ್' ಮಾತ್ರ ಉಳಿಯುತ್ತದೆ. ವ್ಯಂಜನ ಕಿತ್ತು ಸ್ವರ ಉಳಿಸಿದ ಹಾಗೆ. ಅದು ಯಾವ ವಾದ್ಯ ಅಂತಲೇ ಗುರುತು ಸಿಗುವುದಿಲ್ಲ. ಮುಂಚೆ ಕತ್ತರಿಸಿದರೆ ಬೇರೆ ತೊಂದರೆ. ಪೆಟ್ಟಿನ ಮುಂದೆ ಇಪ್ಪತ್ತು ಮಿಲಿಸೆಕೆಂಡಿನ ಮೌನ ಉಳಿದರೆ ಕೀ ಒತ್ತಿದ ಮೇಲೆ ಸದ್ದು ಬರುವುದು ತಡವಾಗಿ ತಾಳ ಎಳೆದಾಡುತ್ತದೆ. ಅಲೆ ಮಧ್ಯದ ಗೆರೆಯಿಂದ ದೂರ ಇರುವಾಗ ಕತ್ತರಿಸಿದರಂತೂ 'ಟಿಕ್' ಅಂತ ಬೇರೆಯದೇ ಸದ್ದು ಸೇರಿಕೊಳ್ಳುತ್ತದೆ. ಅದಕ್ಕೇ ಅಲೆ ಸೊನ್ನೆಯ ಗೆರೆಯನ್ನು ದಾಟುವ ಕಡೆಯೇ ಕತ್ತರಿಸುವುದು. ಆಡಾಸಿಟಿಯಲ್ಲಿ ಒಂದು ತುಂಡನ್ನು ಗುರುತಿಸಿ 'ಝಡ್' ಕೀ ಒತ್ತಿದರೆ ಗುರುತಿನ ಎರಡೂ ತುದಿ ಹತ್ತಿರದ ಸೊನ್ನೆಗೆ ಸರಿದುಕೊಳ್ಳುತ್ತವೆ. ಈ ಒಂದು ಅನುಕೂಲಕ್ಕೇ ನನಗೆ ಅದು ತುಂಬಾ ಇಷ್ಟವಾಯಿತು.

ಇನ್ನೊಂದು ಅನುಕೂಲ ಲೇಬಲ್. ಒಂದೊಂದು ಪೆಟ್ಟಿಗೂ ಗುರುತು ಹಾಕಿ ಹೆಸರು ಬರೆದಿಟ್ಟರೆ, ಕೊನೆಗೆ ಎಲ್ಲವನ್ನೂ ಬೇರೆ ಬೇರೆ ಫೈಲ್ ಮಾಡಿ ಒಂದೇ ಸಲಕ್ಕೆ ಹೊರಗೆ ಕೊಡುತ್ತದೆ. ಸದ್ದು ಎಲ್ಲಿದೆ ಎಂದು ತಾನೇ ಹುಡುಕಿ ಲೇಬಲ್ ಹಾಕುವ ಸೌಲಭ್ಯವೂ ಇದೆ. ಜೋರು ಪೆಟ್ಟುಗಳಿಗೆ ಅದು ಚೆನ್ನಾಗಿ ಕೆಲಸ ಮಾಡಿತು. ಮೆಲ್ಲನೆಯವಕ್ಕೆ ನಾನೇ ಹಾಕಿದೆ.

ಆದರೆ ಅಲ್ಲಿ ನಾನು ಎರಡು ತಪ್ಪು ಮಾಡಿದೆ. ಹಿನ್ನೆಲೆಯ ಗುಯ್ ಎನ್ನುವ ಸದ್ದು ಹೋಗಲಿ ಅಂತ 40 ನಿಮಿಷಕ್ಕೂ ಒಟ್ಟಿಗೆ ನಾಯ್ಸ್ ರಿಡಕ್ಷನ್ ಹಾಕಿದೆ. ಗುಯ್ ಹೋಯಿತು. ಜೊತೆಗೆ ಪೆಟ್ಟಿನ ಮೊನೆಯೂ ಮೊಂಡಾಯಿತು, ಸದ್ದು ಆರುತ್ತಾ ಹೋಗುವ ಬಾಲದಲ್ಲಿ ನೀರೊಳಗಿಂದ ಬಂದ ಹಾಗೆ ಗುಳುಗುಳು ಸೇರಿಕೊಂಡಿತು. ವಾಪಸ್ ತೆಗೆದು, ಅಳತೆ ಬದಲಿಸಿ, ಮತ್ತೆ ಹಾಕಿದೆ. ಹೀಗೆ ನಾಲ್ಕೈದು ಸಲ. ಆಡಾಸಿಟಿ ಒಳಗೆ 32 ಬಿಟ್‌ನಲ್ಲಿ ಕೆಲಸ ಮಾಡುತ್ತದೆ. ಅಲ್ಲಿಗೆ ನನ್ನ 40 ನಿಮಿಷ 900 ಎಂಬಿ ದಾಟಿತು. ಪೂರ್ತಿ ಉದ್ದಕ್ಕೆ ಒಂದು ಬದಲಾವಣೆ ಮಾಡಿದರೆ ಮತ್ತೊಂದು 900 ಎಂಬಿ. ಹಿಂದಿನದಕ್ಕೆ ಮರಳಲು ಬೇಕಾಗುತ್ತದೆ ಅಂತ ಹಳೆಯದನ್ನೂ ಪ್ರಾಜೆಕ್ಟ್ ಮುಚ್ಚುವವರೆಗೆ ಇಟ್ಟುಕೊಂಡಿರುತ್ತದೆ. ಒಂದು ಸಂಜೆಗೆ ನನ್ನ ಡಿಸ್ಕ್ ಭರ್ತಿಯಾಯಿತು. ಮೊದಲು ತುಂಡು ಮಾಡಿ, ಆಮೇಲೆ ಬೇಕಾದ ತುಂಡಿಗೆ ಮಾತ್ರ ಕೈ ಹಚ್ಚಬೇಕಿತ್ತು. ನಾಯ್ಸ್ ರಿಡಕ್ಷನ್ ಅನ್ನಂತೂ ಪೂರ್ತಿ ಬಿಟ್ಟುಬಿಟ್ಟೆ. ಪೆಟ್ಟು ಜೋರಾಗಿದ್ದಾಗ ಆ ಗುಯ್ ಕೇಳಿಸುವುದೇ ಇಲ್ಲ. ಬಾಲವನ್ನು ನಿಧಾನವಾಗಿ ಇಳಿಸಿದರೆ ಸಾಕು.

ಎರಡನೆಯ ತಪ್ಪು ಇನ್ನೂ ದೊಡ್ಡದು. 216 ಫೈಲನ್ನೂ ನಾರ್ಮಲೈಸ್ ಮಾಡಿದೆ. ಅಂದರೆ ಎಲ್ಲದರ ಎತ್ತರವನ್ನೂ ಒಂದೇ ಮಟ್ಟಕ್ಕೆ ತಂದೆ. ಪರದೆಯ ಮೇಲೆ ನೀಟಾಗಿ ಕಂಡಿತು. ಭಾನುವಾರ ದೊಡ್ಡಪ್ಪನ ಕಿವಿಗೆ ಹೆಡ್‌ಫೋನ್ ಹಾಕಿದೆ. ನಾಲ್ಕು ಪೆಟ್ಟು ಕೇಳುವಷ್ಟರಲ್ಲಿ ತೆಗೆದರು.

"ಎಲ್ಲಾ ಒಂದೇ ಥರ ಕೂಗ್ತಾವಲ್ಲ. ಮೆಲ್ಲಗೆ ಹೊಡೆದದ್ದು ಎಲ್ಲಿ?"

"ಅದೂ ಇದೆ ದೊಡ್ಡಪ್ಪ, ಸ್ವಲ್ಪ ಸೌಂಡ್ ಜಾಸ್ತಿ ಮಾಡಿದ್ದೀನಿ ಅಷ್ಟೇ."

"ಮೆಲ್ಲಗೆ ಹೊಡೆಯೋದು ಬೇರೆ ಮಾತು ಕಣಪ್ಪ. ಅದನ್ನ ಕೂಗಿ ಹೇಳಕ್ಕಾಗಲ್ಲ."

ಅವರು ಹೇಳಿದ್ದು ಅಕ್ಷರಶಃ ನಿಜ. ಮೆಲ್ಲನೆಯ ಪೆಟ್ಟಿನಲ್ಲಿ ಕೋಲಿನ ಸದ್ದು ಕಡಿಮೆ, ಚರ್ಮದ ಗುಂಯ್ ಜಾಸ್ತಿ. ಜೋರು ಪೆಟ್ಟಿನಲ್ಲಿ ಮರ, ಚರ್ಮ, ಬಳೆ ಎಲ್ಲ ಒಟ್ಟಿಗೆ ಸಿಡಿಯುತ್ತವೆ. ಸ್ವರದ ಬಣ್ಣವೇ ಬೇರೆ. ಮೆಲ್ಲನೆಯದನ್ನು ಎತ್ತಿದರೆ ಅದರ ಹಿಂದೆ ಅಡಗಿದ್ದ ಕಾಗೆ ಕೂಗು, ಅಂಗಿ ಸರಿದ ಸದ್ದು ಎಲ್ಲ ಮೇಲೆ ಬರುತ್ತದೆ. ಅಂದೇ ಆ ಫೋಲ್ಡರ್ ಅಳಿಸಿದೆ. ಮೂಲ ಫೈಲನ್ನು ಬೇರೆ ಡ್ರೈವಿನಲ್ಲಿ ಇಟ್ಟಿದ್ದರಿಂದ ಹೊಸದಾಗಿ ಶುರು ಮಾಡಲು ಸಾಧ್ಯವಾಯಿತು. ದಯವಿಟ್ಟು ಯಾವ ಎಡಿಟರ್ ತೆರೆಯುವ ಮೊದಲೂ ಮೂಲದ ಒಂದು ಪ್ರತಿ ಬೇರೆ ಕಡೆ ಇಡಿ.

ಈ ಸಲ ಸಾಫ್ಟ್‌ವೇರನ್ನು ಬೇರೆ ರೀತಿ ನೋಡತೊಡಗಿದೆ. ಯಾವುದರಲ್ಲಿ ಸದ್ದು ಬದಲಿಸುವ ಎಫೆಕ್ಟ್ ಎಷ್ಟಿವೆ ಅನ್ನುವ ಪಟ್ಟಿ ಬಿಟ್ಟೆ. ಒಂದೇ ಪೆಟ್ಟು ತೆಗೆದುಕೊಂಡು ಪ್ರತಿಯೊಂದರಲ್ಲೂ ತಲೆ ಕತ್ತರಿಸಿ, ಬಾಲ ಇಳಿಸಿ, ಹತ್ತು ಸಲ ಕೇಳಿದೆ. 'ಟ' ಪೂರ್ತಿ ಉಳಿಯಿತೇ? ತಪ್ಪಿದರೆ ಹಿಂದಕ್ಕೆ ಹೋಗುವುದು ಸುಲಭವೇ? ಇದೇ ಕೆಲಸ 216 ಸಲ ಮಾಡಿದರೆ ಕೈ ಸೋಲುತ್ತದೆಯೇ? ಇಷ್ಟೇ ಕೇಳಿಕೊಂಡೆ.

ಓಸನ್‌ಆಡಿಯೋ ಹೆಸರು ನನಗೆ ಮೊದಲು ಗೊತ್ತಿರಲಿಲ್ಲ. ಬ್ರೆಜಿಲ್‌ನ ಸಾಂತಾ ಕತರೀನಾ ಫೆಡರಲ್ ವಿಶ್ವವಿದ್ಯಾಲಯದ ತಂಡ ಮಾಡಿದ್ದು, ಇದೂ ಉಚಿತ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಥಟ್ಟನೆ ತೆರೆದುಕೊಳ್ಳುತ್ತದೆ. ಎಫೆಕ್ಟಿನ ಅಳತೆ ಸರಿಸುತ್ತಿದ್ದ ಹಾಗೇ ಅದರ ಪರಿಣಾಮ ಕಿವಿಗೆ ಬೀಳುತ್ತಿರುತ್ತದೆ, ಒಪ್ಪಿಗೆಯಾದ ಮೇಲೆ ಹಾಕಬಹುದು. ಒಂದು ಫೈಲ್ ತೆರೆದು, ನೋಡಿ, ತಿದ್ದಿ, ಮುಚ್ಚುವುದಕ್ಕೆ ಇದರಷ್ಟು ಹಗುರವಾದದ್ದು ನಾನು ಕಂಡಿಲ್ಲ. ಆದರೆ ಹಲವು ಟ್ರ್ಯಾಕ್ ಒಂದರ ಕೆಳಗೊಂದು ಇಟ್ಟು ಹೋಲಿಸುವುದು ಇದರಲ್ಲಿ ಆಗುವುದಿಲ್ಲ. ಸೇವ್ ಒತ್ತಿದರೆ ತೆರೆದ ಫೈಲಿನ ಮೇಲೆಯೇ ಬರೆಯುತ್ತದೆ. ಅದು ಇರಬೇಕಾದ ರೀತಿಯೇ. ನನಗೆ ಮಾತ್ರ ಇನ್ನೂರು ತುಂಡಿನ ಕೆಲಸದಲ್ಲಿ ಮೂಲಕ್ಕೆ ಕೈ ತಾಗದಂಥದ್ದು ಬೇಕಿತ್ತು.

ಅದು ಸಿಕ್ಕಿದ್ದು ರೀಪರ್‌ನಲ್ಲಿ. ಹಿಂದೆ ಕಂಪ್ಯೂಟರಿನಲ್ಲಿ ಹಾಡು ಕೇಳುವ ವಿನ್ಯಾಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಂಪನಿ ಕಾಕೋಸ್‌ನದು. ಇದು ಉಚಿತವಲ್ಲ. 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಗೆ 60 ಡಾಲರ್. ನಮ್ಮ ದುಡ್ಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು. ನನಗೆ ಅದು ಸಣ್ಣ ಮೊತ್ತವಲ್ಲ. ಆದರೆ ಒಂದೇ ಸಲ ಕಟ್ಟಿದರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ.

ರೀಪರ್‌ನಲ್ಲಿ ಕತ್ತರಿಸುವುದು ಅಂದರೆ ನಿಜವಾಗಿ ಏನೂ ಕತ್ತರಿಸುವುದಿಲ್ಲ. ಡಿಸ್ಕಿನ ಮೇಲಿರುವ ಫೈಲ್ ಹಾಗೇ ಇರುತ್ತದೆ. ಇಲ್ಲಿಂದ ಇಲ್ಲಿಯವರೆಗೆ ನುಡಿಸು ಅನ್ನುವ ಗುರುತು ಮಾತ್ರ ಪ್ರಾಜೆಕ್ಟಿನಲ್ಲಿ ಉಳಿಯುತ್ತದೆ. ಒಂದು ತಿಂಗಳ ಮೇಲೆ ಬಂದು ತುಂಡಿನ ಅಂಚನ್ನು ಹಿಡಿದು ಎಡಕ್ಕೆ ಎಳೆದರೆ, ಕಳೆದುಹೋಗಿತ್ತು ಅಂದುಕೊಂಡ 'ಟ' ಮತ್ತೆ ಕಾಣಿಸಿಕೊಳ್ಳುತ್ತದೆ. ನನಗೆ ಅದನ್ನು ಮೊದಲ ಸಲ ನೋಡಿದಾಗ ಆದ ಸಮಾಧಾನ ಹೇಳತೀರದು.

ಅದರಲ್ಲಿ ಡೈನಾಮಿಕ್ ಸ್ಪ್ಲಿಟ್ ಅನ್ನುವ ಸೌಲಭ್ಯವಿದೆ. ಸದ್ದು ಯಾವ ಮಟ್ಟ ದಾಟಿದರೆ ಪೆಟ್ಟು ಅಂತ ತಿಳಿಯಬೇಕು, ಅದಕ್ಕಿಂತ ಎಷ್ಟು ಮುಂಚೆ ಕತ್ತರಿಸಬೇಕು, ಬಾಲ ಎಷ್ಟು ಬಿಡಬೇಕು, ಎಲ್ಲವನ್ನೂ ಹೇಳಬಹುದು. ನಾನು ಮೊದಲು ಮುಂಚಿನ ಅಂತರ ಕೊಡಲೇ ಇಲ್ಲ, ಎಲ್ಲಾ ಪೆಟ್ಟೂ 'ಅಣ್' ಆಗಿ ಬಂದವು. ಮೂರು ಮಿಲಿಸೆಕೆಂಡು ಕೊಟ್ಟೆ, ಜೋರು ಪೆಟ್ಟು ಸರಿಹೋಯಿತು. ಮೆಲ್ಲನೆಯ ಪೆಟ್ಟು ನಿಧಾನವಾಗಿ ಏಳುವುದರಿಂದ ಮಟ್ಟ ದಾಟುವುದೂ ತಡವಾಗಿ. ಅವುಗಳಿಗೆ ಎಂಟು ಬೇಕಾಯಿತು. ನಾಲ್ಕು ಜೋರನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಾಕಿ, ಒಂದೊಂದಕ್ಕೂ ಬೇರೆ ಅಳತೆ ಇಟ್ಟೆ. ಆಡಾಸಿಟಿಯಲ್ಲಿ ಮೂರು ಸಂಜೆ ಹಿಡಿದ ಕೆಲಸ ಇಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಫೈಲುಗಳ ಹೆಸರನ್ನೂ ಅದೇ ಸಾಲಾಗಿ ಕೊಟ್ಟುಕೊಂಡು ಹೋಗುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕೆಡಬಾರದು ಅಂತ.

ಆಡಾಸಿಟಿಯನ್ನು ಬಿಟ್ಟಿಲ್ಲ. ಹೊಸದಾಗಿ ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಲಿ ಅಂತ ಈಗಲೂ ಹೇಳುತ್ತೇನೆ. ಹತ್ತಿಪ್ಪತ್ತು ಸ್ಯಾಂಪಲ್ ಮಾಡುವವರಿಗೆ ಬೇರೇನೂ ಬೇಕಾಗುವುದಿಲ್ಲ. ನನ್ನ ಕೆಲಸ ಮಾತ್ರ ಈಗ ರೀಪರ್‌ನಲ್ಲಿ ತುಂಡಾಗಿ, ಓಸನ್‌ಆಡಿಯೋದಲ್ಲಿ ಒಂದೊಂದೇ ಕಿವಿಗೆ ಬಿದ್ದು, ಹೊರಗೆ ಬರುತ್ತದೆ.

ಫೈಲ್ ಯಾವ ರೂಪದಲ್ಲಿ ಇಡಬೇಕು ಅನ್ನುವುದರ ಬಗ್ಗೆ ಒಂದು ಮಾತು. ನಾಟಕದ ಗೆಳೆಯರಿಗೆ ಎಂಟು ಮಾತ್ರೆಯ ಒಂದು ನಡೆಯನ್ನು ಎಂಪಿ3 ಮಾಡಿ ಕಳಿಸಿದ್ದೆ. ಅದನ್ನು ಸುತ್ತುಸುತ್ತಾಗಿ ನುಡಿಸಿದರೆ ಪ್ರತಿ ಸುತ್ತಿನ ಕೊನೆಯಲ್ಲೂ ತಾಳ ಕುಂಟುತ್ತಿದೆ ಅಂದರು. ಎಂಪಿ3 ಮಾಡುವಾಗ ಫೈಲಿನ ಮೊದಲಲ್ಲಿ ಚಿಕ್ಕ ಮೌನ ಸೇರಿಕೊಳ್ಳುತ್ತದೆ. ಹಾಡು ಕೇಳುವಾಗ ಗೊತ್ತಾಗುವುದಿಲ್ಲ, ಲೂಪ್ ಮಾಡಿದಾಗ ಗೊತ್ತಾಗುತ್ತದೆ. ವೇವ್ ಫೈಲನ್ನೇ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದೆ. ಕುಂಟು ಹೋಯಿತು.

ಕೊನೆಗೆ ಪೆಟ್ಟುಗಳನ್ನು ಕೀಗಳಿಗೆ ಕೂರಿಸುವುದು. ಇದಕ್ಕೆ ಎಸ್‌ಎಫ್‌ಝಡ್ ಅನ್ನುವ ರೂಪ ಆರಿಸಿದೆ. ಅದು ಬರೀ ಪಠ್ಯ, ನೋಟ್‌ಪ್ಯಾಡಿನಲ್ಲೇ ಬರೆಯಬಹುದು: ಯಾವ ಕೀಗೆ ಯಾವ ಫೈಲ್, ಎಷ್ಟು ಜೋರಾಗಿ ಒತ್ತಿದರೆ ಯಾವುದು. ಸ್ಫೋರ್ಜಾಂಡೋ ಎನ್ನುವ ಉಚಿತ ಪ್ಲೇಯರ್ ಅದನ್ನು ಓದಿ ನುಡಿಸುತ್ತದೆ. ಒತ್ತುವ ಜೋರಿಗೆ 1ರಿಂದ 127ರವರೆಗೆ ಅಂಕಿ ಇರುತ್ತದೆ. ಅದನ್ನು ನಾಲ್ಕು ಪಾಲು ಮಾಡಿ ದೊಡ್ಡಪ್ಪನ ನಾಲ್ಕು ಜೋರಿಗೆ ಹಂಚಿದೆ. ಪ್ರತಿ ಜೋರಿನಲ್ಲೂ ಒಂಬತ್ತು ಪೆಟ್ಟು ಸರದಿಯಂತೆ ಬರುವ ಹಾಗೆ ಮಾಡಿದೆ. ಒಂದೇ ಫೈಲ್ ಮತ್ತೆ ಮತ್ತೆ ನುಡಿದರೆ ಯಂತ್ರದ ಸದ್ದಾಗುತ್ತದೆ. ಮನುಷ್ಯನ ಕೈ ಒಂದೇ ಪೆಟ್ಟನ್ನು ಎರಡು ಸಲ ಹೊಡೆಯುವುದಿಲ್ಲ ಅಲ್ವಾ.

ಮುಗಿದ ಮೇಲೆ ಮತ್ತೆ ದೊಡ್ಡಪ್ಪನ ಹತ್ತಿರ ಹೋದೆ. ಈ ಸಲ ಹೆಡ್‌ಫೋನ್ ತೆಗೆಯಲಿಲ್ಲ. ನಾನು ಒಂದೊಂದೇ ಕೀ ಒತ್ತಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ನಡುನಡುವೆ ಕೈ ಎತ್ತಿ, "ಇದು ಆರಿದ್ದು" ಅನ್ನುತ್ತಿದ್ದರು. ನಾನು ಫೈಲಿನ ಹೆಸರು ನೋಡಿ ಮೂಲ ರೆಕಾರ್ಡಿಂಗ್ ಜೊತೆ ತಾಳೆ ಹಾಕಿದೆ. ಅವರು ಹೇಳಿದವೆಲ್ಲ ಮತ್ತೆ ಕಾಯಿಸುವ ಮುಂಚಿನ ಕೆಲವು ನಿಮಿಷದವು. ಚರ್ಮ ಸಡಿಲವಾಗಿತ್ತು, ನನ್ನ ಕಿವಿಗೆ ಗೊತ್ತಾಗಿರಲಿಲ್ಲ. ಹೀಗೆ 31 ಪೆಟ್ಟು ಹೊರಗೆ ಹೋದವು. ಅವನ್ನು ಅಳಿಸಲಿಲ್ಲ. 'ಆರಿದ್ದು' ಅಂತಲೇ ಒಂದು ಫೋಲ್ಡರ್ ಮಾಡಿ ಇಟ್ಟಿದ್ದೇನೆ. ಮೆರವಣಿಗೆ ಮುಗಿದು ಜನ ಮನೆಗೆ ಹೋಗುವ ದೃಶ್ಯಕ್ಕೆ ಅದೇ ಸದ್ದು ಸರಿ ಅಂತ ಅವರೇ ಹೇಳಿದರು.

ಉಳಿದ 185 ಪೆಟ್ಟಿನಲ್ಲಿ ಊರಹಬ್ಬದ ದೃಶ್ಯ ಕಟ್ಟಿದ್ದೇನೆ. ಬೇರೆಯವರಿಗೆ ಸ್ಯಾಂಪಲ್ ಹಂಚಬಹುದೇ ಅಂತ ಕೇಳಿದಾಗ ದೊಡ್ಡಪ್ಪ, "ಕೊಡು, ಆದ್ರೆ ಯಾರ ಕೈ ಅಂತ ಹೇಳಿ ಕೊಡು" ಅಂದರು. ನಾಟಕದವರು ಕೊಟ್ಟ ಸಂಭಾವನೆಯಲ್ಲಿ ಅವರ ಪಾಲನ್ನು ಮೊದಲೇ ತೆಗೆದಿಟ್ಟೆ.

ಬಿಸಿಲು ಜೋರಾದ ಮೇಲೆ ಹೊಸ ಚರ್ಮ ಬಿಗಿದು ಇನ್ನೊಂದು ಸಲ ಕೂರೋಣ ಅಂದಿದ್ದಾರೆ. ರೀಪರ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು, ನಾಲ್ಕು ಟ್ರ್ಯಾಕಿಗೂ ಹೆಸರಿಟ್ಟು, ಖಾಲಿ ಬಿಟ್ಟಿದ್ದೇನೆ.